ಬೆಂಚಿನ ಮೇಲೆ ಮಲಗಿದವಳು

ಇಪ್ಪತ್ತೈದು ವರ್ಷಗಳಿಂದ ಹೈಸ್ಕೂಲು ಮಕ್ಕಳ ಗಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತ ಬಂದವಳಿಗೆ, ತನ್ನ ಬರಹದ ಮೇಲೆ ಬೇರೆಯವರು ಹಸಿರು ಗೆರೆ ಎಳೆದರೆ ಏನಾಗಬೇಕೋ ಅದೇ ಆಯಿತು. ಪುಟ್ಟಿ ಹೊತ್ತಿ ಉರಿದಳು. ವಯಸ್ಸು ಐವತ್ತು ದಾಟಿದೆ, ಶಾಲೆಯ ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದರೆ ಎಂಥ ತುಂಟರೂ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆ. ಆದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಹೆಸರಿಗೆ ತಕ್ಕ ಹಾಗೆ ಕೋಪವೂ ಚಿಕ್ಕ ಮಕ್ಕಳದ್ದು, ಬಂತೆಂದರೆ ತಡೆಯಿಲ್ಲ.

ರಜೆ, ಭಾನುವಾರ ಎನ್ನದೆ ಹನ್ನೊಂದು ವರ್ಷ ಕೂತು ಬರೆದ ಕಾದಂಬರಿ ಅದು. ಕತೆ ಹೇಳುವವಳು ‘ನಾನು’. ಆರು ವರ್ಷಕ್ಕೇ ಅಮ್ಮನನ್ನು ಕಳೆದುಕೊಂಡ ಹುಡುಗಿಯೊಬ್ಬಳು ತನ್ನ ಕತೆಯನ್ನು ತಾನೇ ಹೇಳಿಕೊಳ್ಳುತ್ತಾಳೆ. ಪ್ರಕಾಶಕರು ಅಚ್ಚು ಹಾಕಲು ಒಪ್ಪಿದ್ದರು. ಒಂದೇ ಷರತ್ತು: ಅವರ ಸಂಪಾದಕ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ತಿದ್ದಿದ ಪ್ರತಿಯನ್ನು ತಿಂಗಳ ಕೊನೆಯೊಳಗೆ ತಲುಪಿಸಬೇಕು. ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಎಂದಿದ್ದರು. ‘ಮುಂದಿನ ವರ್ಷ ನೋಡೋಣ’ ಎಂದರೆ ಏನೆಂದು ಪುಟ್ಟಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಷ್ಟು ಮಕ್ಕಳ ತಂದೆತಾಯಿಗೆ ಅವಳೇ ಹಾಗೆ ಹೇಳಿ ಸಾಗಹಾಕಿರಲಿಲ್ಲ?

ಸಂಪಾದಕನ ಮುಖವನ್ನು ಅವಳು ನೋಡಿರಲಿಲ್ಲ. ಫೋನಿನಲ್ಲಿ ಕೇಳಿದ ದನಿ ತೆಳ್ಳಗಿತ್ತು, ವಯಸ್ಸು ತನ್ನ ಹಳೆಯ ವಿದ್ಯಾರ್ಥಿಗಳಷ್ಟೇ ಇರಬೇಕು. ಪುಟಗಳ ಅಂಚಿನಲ್ಲಿ ಹಸಿರು ಪೆನ್ಸಿಲಿನಲ್ಲಿ ಬರೆಯುತ್ತಿದ್ದ, ಹಾಗಾಗಿ ಅವಳು ಅವನಿಗೆ ಹಸಿರು ಪೆನ್ಸಿಲ್ ಎಂದೇ ಹೆಸರಿಟ್ಟಿದ್ದಳು. ಅವನು ತಪ್ಪು ತೋರಿಸಿದ್ದರೆ ಸಹಿಸಬಹುದಿತ್ತು. ಅವನು ತೋರಿಸುತ್ತಿರಲಿಲ್ಲ, ಕೇಳುತ್ತಿದ್ದ. ಅದೂ ಸುತ್ತಿ ಬಳಸಿ ಒಂದೇ ಪ್ರಶ್ನೆ: ‘ಇದನ್ನು ಯಾರು ನೋಡಿದ್ದು?’

ಅವನ ಲೆಕ್ಕ ಸರಳವಾಗಿತ್ತು. ‘ನಾನು’ ಎಂದು ಹೇಳುವವಳು ತಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಬಹುದು. ಎರಡನೆಯ ಅಧ್ಯಾಯದಲ್ಲಿ ಅಪ್ಪ ಅಮ್ಮ ಬಾಗಿಲು ಹಾಕಿಕೊಂಡು ಜಗಳವಾಡುತ್ತಾರೆ, ಯಾರು ಕೇಳಿಸಿಕೊಂಡದ್ದು? ಪುಟ್ಟಿ ಹಲ್ಲು ಕಡಿದುಕೊಂಡು ಹುಡುಗಿಯನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ನಾಲ್ಕರಲ್ಲಿ ಡಾಕ್ಟರು ಅಪ್ಪನಿಗೆ ಅಮ್ಮನ ಕಾಯಿಲೆಯ ವಿಷಯ ಹೇಳುತ್ತಾರೆ. ಹುಡುಗಿಯನ್ನು ಮೇಜಿನ ಕೆಳಗೆ ತೂರಿಸಿದಳು. ಏಳರ ಹೊತ್ತಿಗೆ ಪಾಪದ ಮಗು ಮನೆಯ ಒಂದು ಪರದೆ, ಒಂದು ಮಂಚ, ಒಂದು ಬೀರು ಬಿಡದೆ ಎಲ್ಲದರ ಹಿಂದೆ, ಕೆಳಗೆ ಅಡಗಿ ಸುಸ್ತಾಗಿತ್ತು. ತಿದ್ದಿದ್ದನ್ನೆಲ್ಲ ಕಳಿಸಿದ ಮೇಲೆ ಹಸಿರು ಪೆನ್ಸಿಲ್ ಬರೆದ: ‘ಈ ಹುಡುಗಿಗೆ ಶಾಲೆ ಇಲ್ಲವೇ?’

ಅದನ್ನು ಓದಿದ ದಿನ ಪುಟ್ಟಿ ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳನ್ನು ಎಷ್ಟು ಬಿಗಿಯಾಗಿ ತಿದ್ದಿದಳೆಂದರೆ, ಯಾರ ಮೇಲಿನದೋ ಸಿಟ್ಟಿಗೆ ಅರ್ಧ ತರಗತಿ ಫೇಲಾಯಿತು. ಮರುದಿನ ಮನಸ್ಸು ತಡೆಯದೆ ಎಲ್ಲರಿಗೂ ಎರಡೆರಡು ಅಂಕ ಹೆಚ್ಚಿಗೆ ಹಾಕಿದಳು.

ಇಷ್ಟಾದರೂ ಅವಳು ತಿದ್ದುತ್ತಲೇ ಹೋದಳು. ಒಂಬತ್ತನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಪುಟಗಳನ್ನು ಮೇಜಿನ ಮೇಲೆ ಕುಕ್ಕಿ ಎದ್ದಳು. ಆ ಅಧ್ಯಾಯವನ್ನು ಮುಟ್ಟುವ ಹಾಗಿರಲಿಲ್ಲ. ಮುನ್ನೂರು ಪುಟದ ಕಾದಂಬರಿ ನಿಂತದ್ದೇ ಅದರ ಮೇಲೆ. ಮಿಕ್ಕದ್ದರಲ್ಲಿ ಕಟ್ಟಿದ್ದು, ಸೇರಿಸಿದ್ದು ಬೇಕಾದಷ್ಟಿತ್ತು. ಇದು ಮಾತ್ರ ಅಕ್ಷರಶಃ ನಡೆದದ್ದು, ಅವಳಿಗೇ ನಡೆದದ್ದು.

ಆಸ್ಪತ್ರೆಯ ಎರಡನೇ ಮಹಡಿಯ ಕೋಣೆ. ಇನ್ನೂ ಬೆಳಕು ಹರಿದಿಲ್ಲ. ಅಪ್ಪ ರಾತ್ರಿ ಪಾಳಿಗೆ ಕಾರ್ಖಾನೆಗೆ ಹೋಗಿದ್ದಾರೆ. ಹದಿನಾಲ್ಕು ವರ್ಷದ ಅಕ್ಕ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಾಳೆ. ಆರು ವರ್ಷದ ‘ನಾನು’ ಸ್ಟೂಲಿನ ಮೇಲೆ ಕೂತು ಅಮ್ಮನ ಕೈ ಹಿಡಿದುಕೊಂಡಿದ್ದೇನೆ. ಅಮ್ಮ ನೀರು ಕೇಳುತ್ತಾಳೆ. ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಚಮಚದಲ್ಲಿ ಕುಡಿಸುತ್ತೇನೆ. ಕಿಟಕಿಯಿಂದ ಕೆಳಗೆ ಅಂಗಳದಲ್ಲಿ ಒಬ್ಬ ಪೈಪು ಹಿಡಿದು ಆಂಬುಲೆನ್ಸ್ ತೊಳೆಯುತ್ತಿರುವುದು ಕಾಣುತ್ತದೆ. ಆಗ ಅಮ್ಮ ತಾನು ಹೊದ್ದಿದ್ದ ಸ್ವೆಟರನ್ನು ತೆಗೆದು ಕೊಟ್ಟು, ‘ಹೊರಗೆ ಅವಳಿಗೆ ಚಳಿಯಾಗುತ್ತೆ, ಇದನ್ನ ಹೊದಿಸಿ ಬಾ’ ಎನ್ನುತ್ತಾಳೆ. ಹೋಗಿ ಹೊದಿಸಿ ಬರುವಷ್ಟರಲ್ಲಿ ಅಮ್ಮ ಇಲ್ಲ. ನರ್ಸ್ ಬಂದು, ಅಪ್ಪನಿಗೆ ಫೋನ್ ಮಾಡಿ ಬಾ ಎಂದು ಕಳಿಸುತ್ತಾಳೆ. ಕಾರಿಡಾರಿನ ಗೋಡೆಯ ಮೇಲಿದ್ದ ಫೋನಿನಲ್ಲಿ ‘ನಾನು’ ಅಪ್ಪನಿಗೆ ಸುದ್ದಿ ಹೇಳುತ್ತೇನೆ.

ಎಚ್ಚರವಿದ್ದವಳು ಚಿಕ್ಕವಳು, ಅಮ್ಮನ ಕೊನೆಯ ಮಾತು ಮಾತ್ರ ಮಲಗಿದ್ದ ದೊಡ್ಡವಳಿಗಾಗಿ. ಆ ಮಾತನ್ನು ಪಾಲಿಸಲು ಹೋಗಿ ಕೊನೆಯ ಗಳಿಗೆಯೂ ಕೈತಪ್ಪಿತು. ಈ ಉರಿ ಪುಟ್ಟಿಯ ಹೊಟ್ಟೆಯಲ್ಲಿ ನಲವತ್ತೈದು ವರ್ಷ ಇತ್ತು. ಕಾದಂಬರಿ ಬರೆಯಲು ಕೂತದ್ದೇ ಅದನ್ನು ಇಳಿಸಿಕೊಳ್ಳಲು.

ಅಂಥ ಅಧ್ಯಾಯದ ಅಂಚಿನಲ್ಲಿ ಹಸಿರು ಪೆನ್ಸಿಲ್ ನಾಲ್ಕು ಕಡೆ ಗೀಚಿದ್ದ. ಸ್ಟೂಲಿನ ಮೇಲೆ ಕೂತ ಮಗುವಿಗೆ ಎರಡನೇ ಮಹಡಿಯಿಂದ ಅಂಗಳ ಹೇಗೆ ಕಂಡಿತು? ಹಾಸಿಗೆ ಹಿಡಿದ ದೊಡ್ಡ ಹೆಂಗಸಿನ ತಲೆಯನ್ನು ಆರು ವರ್ಷದ ಕೈ ಎತ್ತಬಲ್ಲದೇ? ಗೋಡೆಯ ಫೋನು ಅವಳಿಗೆ ಎಟುಕಿತೇ? ನಾಲ್ಕನೆಯದು ಸ್ವೆಟರಿನ ಪಕ್ಕ: ಯಾವ ತಾಯಿ ಚಿಕ್ಕವಳನ್ನು ಕಳಿಸಿ ದೊಡ್ಡವಳಿಗೆ ಹೊದಿಸುತ್ತಾಳೆ?

ಪುಟ್ಟಿ ಫೋನ್ ತಿರುಗಿಸಿದಳು.

“ನೋಡಿ, ಮೊದಲ ಮೂರಕ್ಕೆ ಏನಾದ್ರೂ ಮಾಡ್ತೀನಿ. ನಾಲ್ಕನೇದು ಕೇಳೋ ಅಧಿಕಾರ ನಿಮಗಿಲ್ಲ. ಅದು ನಡೆದದ್ದು.”

“ನಡೆದಿಲ್ಲ ಅಂತ ನಾನು ಹೇಳ್ಲಿಲ್ಲ ಮೇಡಂ,” ಎಂದ ತೆಳ್ಳಗಿನ ದನಿಯವನು. “ಓದೋವ್ರಿಗೆ ಅನುಮಾನ ಬರುತ್ತೆ ಅಂದೆ ಅಷ್ಟೆ.”

“ನನಗೆ ನೆನಪಿದೆ. ಚಮಚದ ಹಿಡಿ ಸೊಟ್ಟಗಿತ್ತು ಅನ್ನೋದು ಕೂಡ ನೆನಪಿದೆ.”

“ಇರಬಹುದು ಮೇಡಂ. ಆದರೆ ಇಡೀ ಅಧ್ಯಾಯದಲ್ಲಿ ಆ ಮಗು ಒಂದು ಸಲಾನೂ ಮಗು ಥರ ನಡ್ಕೊಳ್ಳಲ್ಲ. ಒಂದು ಸುಲಭದ ದಾರಿ ಇದೆ, ಹೇಳ್ಲಾ? ಹೇಳೋವಳಿಗೆ ಹದಿನಾಲ್ಕು ವರ್ಷ ಮಾಡಿಬಿಡಿ. ಕಿಟಕಿ, ಚಮಚ, ಫೋನು, ಸ್ವೆಟರು, ಎಲ್ಲ ಸರಿಹೋಗುತ್ತೆ. ಒಂದು ಪದ ಕೂಡ ತಿದ್ದಬೇಕಾಗಲ್ಲ.”

ಪುಟ್ಟಿ ಫೋನಿಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು. ತನ್ನ ಜಾಗದಿಂದ ತನ್ನನ್ನೇ ಎಬ್ಬಿಸಿ ಅಲ್ಲಿ ಅಕ್ಕನನ್ನು ಕೂರಿಸಬೇಕಂತೆ. ಹನ್ನೊಂದು ವರ್ಷದ ಕೆಲಸಕ್ಕೆ ಇವನ ಸುಲಭದ ದಾರಿ.

ಪಕ್ಕದ ಕೋಣೆಯಲ್ಲಿ ಗಂಡ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದ. ಅವನದು ಲಿಫ್ಟ್ ರಿಪೇರಿ ಕೆಲಸ. ಇಡೀ ದಿನ ಸಿಕ್ಕಿಹಾಕಿಕೊಂಡವರ ಕೂಗಾಟ ಕೇಳಿ ಕೇಳಿ, ಮನೆಯ ಕೂಗಾಟ ಅವನಿಗೆ ತಟ್ಟುವುದನ್ನೇ ಬಿಟ್ಟಿತ್ತು. ಕಾದಂಬರಿಯ ಮೇಲೆ ಅವನಿಗಿದ್ದ ದೂರು ಒಂದೇ, ಮುನ್ನೂರು ಪುಟದಲ್ಲಿ ಅವನಿಗೊಂದು ಸಾಲು ಕೂಡ ಇರಲಿಲ್ಲ.

“ರೀ, ಇಲ್ಲಿ ಬನ್ನಿ. ಕಿಟಕಿ ಪಕ್ಕ ಮಂಡಿಯೂರಿ ಕೂತ್ಕೊಳಿ.”

“ಯಾಕೆ?”

“ಆರು ವರ್ಷದ ಹುಡುಗಿ ಎತ್ತರಕ್ಕೆ ಬನ್ನಿ ಅಂದ್ರೆ ಬನ್ನಿ. ಇನ್ನೂ ತಗ್ಗಿ. ಕತ್ತು ಚಾಚಬೇಡಿ. ಕೆಳಗೆ ಏನು ಕಾಣುತ್ತೆ?”

ಅವರ ಮನೆಯೂ ಎರಡನೇ ಮಹಡಿಯಲ್ಲಿತ್ತು. ಗಂಡ ಮಂಡಿಯೂರಿ, ಕತ್ತು ತಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡಿದ.

“ಆಕಾಶ.”

“ಅಂಗಳ ನೋಡ್ರಿ.”

“ಕಾಣಲ್ಲ ಕಣೆ. ಎದುರುಮನೆ ನೀರಿನ ಟ್ಯಾಂಕು ಕಾಣುತ್ತೆ. ಟ್ಯಾಂಕು ಬರ್ಕೊಂಡ್ರೆ ಆಗಲ್ವಾ?”

“ನೀವು ಸರಿಯಾಗಿ ನೋಡ್ತಾ ಇಲ್ಲ.”

“ಸರಿ, ನಾನು ನೋಡ್ತಿಲ್ಲ,” ಎಂದು ಅವನು ಮಂಡಿ ತಿಕ್ಕಿಕೊಂಡು ಎದ್ದ. “ಹೋಗ್ಲಿ, ಈ ಮಂಡಿನೋವಿಗಾದ್ರೂ ಪುಸ್ತಕದಲ್ಲಿ ಒಂದು ಜಾಗ ಕೊಡು.”

ಗಣಿತದವಳಿಗೆ ಮಂಡಿಯ ಲೆಕ್ಕ ಅರ್ಥವಾಗದೆ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ರೇಗಿತು. ಕಣ್ಣು ಮುಚ್ಚಿದರೆ ಪೈಪಿನ ನೀರು, ಒದ್ದೆ ಅಂಗಳದಲ್ಲಿ ಆಂಬುಲೆನ್ಸಿನ ಕೆಂಪು ದೀಪ, ಎಲ್ಲ ಕಾಣುತ್ತಿತ್ತು. ತಾನು ಕಂಡದ್ದನ್ನು ಕಂಡಿಲ್ಲ ಎನ್ನುವವರಿಗೆ ಸಾಕ್ಷಿ ತಂದು ತೋರಿಸಬೇಕು. ಸಾಕ್ಷಿ ಉಳಿದದ್ದು ಒಬ್ಬಳೇ. ಆ ಹೊತ್ತಿನಲ್ಲಿ ಅವಳು ಮಲಗಿದ್ದರೇನಂತೆ, ಎದ್ದ ಮೇಲಾದರೂ ನೋಡಿರುತ್ತಾಳಲ್ಲ.

ಅಕ್ಕನದು ಡ್ರೈವಿಂಗ್ ಸ್ಕೂಲು. ಊರಿನ ಅರ್ಧ ಜನ ಅವಳಿಂದ ಬೈಸಿಕೊಂಡೇ ಲೈಸೆನ್ಸ್ ಪಡೆದವರು. ಅರವತ್ತು ಹತ್ತಿರ ಬಂದರೂ ಬೆನ್ನು ಬಾಗಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ಪಾಠದ ಮಾತು ಬಿಟ್ಟರೆ ಬೇರೆ ಮಾತೇ ಆಡುವುದಿಲ್ಲ. ಅವಳ ಕಾರಿನಲ್ಲಿ ಆ ಸೀಟಿನ ಕೆಳಗೂ ಒಂದು ಬ್ರೇಕ್, ಒಂದು ಕ್ಲಚ್. ಕಲಿಯುವವರು ತಾವೇ ಗಾಡಿ ಓಡಿಸುತ್ತಿದ್ದೇವೆ ಎಂದುಕೊಳ್ಳುತ್ತಾರೆ, ಅರ್ಧ ಕೆಲಸ ಅಕ್ಕನ ಕಾಲು ಮಾಡುತ್ತಿರುತ್ತದೆ. ಪುಟ್ಟಿಯೂ ಆರು ತಿಂಗಳಿಂದ ಭಾನುವಾರ ಬೆಳಿಗ್ಗೆ ಅವಳ ಹತ್ತಿರ ಕಲಿಯುತ್ತಿದ್ದಳು, ಒಂದು ಸಲ ಪರೀಕ್ಷೆಯಲ್ಲಿ ಫೇಲೂ ಆಗಿದ್ದಳು. ಆ ವಿಷಯ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾದಂಬರಿಯ ಮೊದಲ ಪ್ರತಿಯನ್ನು ಅಕ್ಕನಿಗೆ ಓದಲು ಕೊಡುವಾಗ ಪುಟ್ಟಿ ಹಿಂದೆಮುಂದೆ ನೋಡಿದ್ದಳು. ಅದರಲ್ಲಿ ಅಕ್ಕನಿಗೆ ಮರ್ಯಾದೆಯೇನೂ ಉಳಿದಿರಲಿಲ್ಲ. ಅಕ್ಕ ವಾರದಲ್ಲಿ ಓದಿ ಮುಗಿಸಿ, “ಚೆನ್ನಾಗಿದೆ ಕಣೆ,” ಎಂದು ವಾಪಸು ಕೊಟ್ಟಿದ್ದಳು. ಅವಳ ತಕರಾರು ಎರಡೇ. “ನಾನು ಗೊರಕೆ ಹೊಡೆಯಲ್ಲ. ಮತ್ತೆ ಆ ಸ್ವೆಟರು ಕಂದು ಬಣ್ಣದ್ದಲ್ಲ, ಬೂದು.” ಪುಟ್ಟಿಗೆ ಮೈಯೆಲ್ಲ ಉರಿದಿತ್ತು. ಮುನ್ನೂರು ಪುಟ ಓದಿ, ತಾಯಿ ಸಾಯುವಾಗ ಬಿದ್ದುಕೊಂಡು ನಿದ್ದೆ ಹೊಡೆದವಳು ನೀನು ಎಂದು ಬರೆದದ್ದನ್ನು ಓದಿ, ಕೊನೆಗೆ ಸ್ವೆಟರಿನ ಬಣ್ಣ ತಿದ್ದುವ ಹೆಂಗಸಿಗೆ ಏನು ಹೇಳುವುದು.

ಭಾನುವಾರ ಕಾರು ಹತ್ತಿದ ಕೂಡಲೇ ಪುಟ್ಟಿ ಶುರುಮಾಡಿದಳು.

“ಅಕ್ಕ, ಆ ಆಸ್ಪತ್ರೆ ಕಿಟಕಿ ನೆನಪಿದೆಯಾ ನಿಂಗೆ?”

“ಕನ್ನಡಿ ಸರಿಮಾಡ್ಕೋ.”

“ಮಾಡ್ಕೊಂಡೆ. ಕಿಟಕಿ ತಗ್ಗಿನಲ್ಲಿತ್ತಾ? ಕೂತ್ರೆ ಕೆಳಗಡೆ ಕಾಣೋ ಹಾಗೆ?”

“ಯಾವ ಕಾಲದ ಮಾತು ಅದು. ಸೀಟ್ ಬೆಲ್ಟು.”

ಗಾಡಿ ಕುಲುಕಿ ಹೊರಟಿತು. ಬೀದಿಯಲ್ಲಿ ಜನ ಕಡಿಮೆ. ಅಂಗಡಿಯವನೊಬ್ಬ ಶಟರ್ ಎತ್ತುತ್ತಿದ್ದ. ಡ್ರೈವಿಂಗ್ ಸ್ಕೂಲಿನ ಬೋರ್ಡು ನೋಡಿ, ನಾಯಿ ಹಿಡಿದುಕೊಂಡು ಹೊರಟಿದ್ದ ಮುದುಕರೊಬ್ಬರು ನಾಯಿಯ ಸಮೇತ ಬೀದಿಯ ಅಂಚಿಗೆ ಸರಿದು ನಿಂತರು.

“ಫೋನು?” ಎಂದಳು ಪುಟ್ಟಿ. “ಕಾರಿಡಾರಿನಲ್ಲಿ ಗೋಡೆ ಮೇಲಿತ್ತಲ್ಲ, ಎಷ್ಟು ಎತ್ತರದಲ್ಲಿತ್ತು?”

“ಎರಡನೇ ಗೇರು.”

“ಅಕ್ಕ, ನಾನೇನು ಕೇಳ್ತಿದೀನಿ, ನೀನೇನು ಹೇಳ್ತಿದೀಯ?”

“ನೀನೇನು ಮಾಡ್ತಿದೀಯೋ ಅದಕ್ಕೆ ಹೇಳ್ತಿದೀನಿ. ಒಂದನೇ ಗೇರಲ್ಲಿ ಗಾಡಿ ಕಿರುಚ್ತಾ ಇದೆ.”

ಪುಟ್ಟಿ ಗೇರು ಬದಲಾಯಿಸಿದಳು. ಈ ಅಕ್ಕನ ಬಾಯಿಂದ ಒಂದು ವಿಷಯ ಹೊರಡಿಸಬೇಕಾದರೆ ಬಂಡೆಯಿಂದ ನೀರು ತೆಗೆದಷ್ಟು ಕಷ್ಟ, ಹುಟ್ಟಿನಿಂದ ನೋಡುತ್ತ ಬಂದಿದ್ದಾಳೆ. ಎಡಕ್ಕೆ ತಿರುಗು, ನಿಧಾನ, ಬೆಕ್ಕು, ಇಂಡಿಕೇಟರ್ ಆರಿಸು. ಮಾತಿಗೆ ಮೊದಲಾದರೆ ಇವಿಷ್ಟೇ. ಪುಟ್ಟಿಯ ತಾಳ್ಮೆ ಹಳೇ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಮುಗಿಯಿತು.

“ನಂಗೆ ಸಹಾಯ ಮಾಡೋಕೆ ಇಷ್ಟ ಇಲ್ಲ ಅಂತ ಹೇಳಿಬಿಡು. ಈ ತಿಂಗಳ ಕೊನೇಲಿ ಪುಸ್ತಕ ಹೋಗಬೇಕು. ಆ ಹುಡುಗ ನನ್ನ ನೆನಪನ್ನೇ ಸುಳ್ಳು ಅಂತಾನೆ. ಯಾವ ತಾಯಿ ಚಿಕ್ಕವಳನ್ನ ಕಳಿಸಿ ದೊಡ್ಡವಳಿಗೆ ಹೊದಿಸ್ತಾಳೆ ಅಂತ ಕೇಳ್ತಾನೆ. ಹೊದಿಸಿದಳಪ್ಪ ನಮ್ಮಮ್ಮ. ಎಚ್ಚರವಾಗಿ ಕೂತಿದ್ದವಳು ಲೆಕ್ಕಕ್ಕೇ ಇರ್ಲಿಲ್ಲ. ಈಗ ಹೇಳೋವಳಿಗೆ ಹದಿನಾಲ್ಕು ವರ್ಷ ಮಾಡಿ ಅಂತಾನೆ. ಅಂದ್ರೆ ನನ್ನ ಎಬ್ಬಿಸಿ ಬೆಂಚಿನ ಮೇಲೆ ಮಲಗಿಸಿ, ಆ ಸ್ಟೂಲಿನ ಮೇಲೆ ನಿನ್ನ ಕೂರಿಸಬೇಕಂತೆ. ಹಾಗೆ ಮಾಡಿದ್ರೆ ಎಲ್ಲ ಸರಿಹೋಗುತ್ತಂತೆ.”

ಗಾಡಿ ನಿಂತಿತು. ಪುಟ್ಟಿ ಬ್ರೇಕ್ ಒತ್ತಿರಲಿಲ್ಲ.

ನಡುಬೀದಿ. ಎಂಜಿನ್ ಒಮ್ಮೆ ನಡುಗಿ ಆಫಾಯಿತು. ಅಕ್ಕನ ಬಲಗಾಲು ಇನ್ನೂ ಬ್ರೇಕಿನ ಮೇಲೇ ಇತ್ತು. ಯಾವ ಕಲಿಯುವವನ ತಪ್ಪಿಗೂ ಅಕ್ಕ ಹೀಗೆ ನಡುಬೀದಿಯಲ್ಲಿ ಗಾಡಿ ನಿಲ್ಲಿಸಿದ್ದನ್ನು ಪುಟ್ಟಿ ಕೇಳಿರಲಿಲ್ಲ.

“ಆ ಹುಡುಗ ಬುದ್ಧಿವಂತ,” ಎಂದಳು ಅಕ್ಕ, ಗಾಜಿನಾಚೆ ನೋಡುತ್ತ.

“ಅಂದ್ರೆ?”

“ಅಂದ್ರೆ ಮಲಗಿದ್ದು ನೀನು ಕಣೆ.”

ಪುಟ್ಟಿ ನಕ್ಕಳು. ಸಿಟ್ಟಿನಲ್ಲಿದ್ದವರಿಗೆ ಒಂದೊಂದು ಸಲ ಹಾಗೆ ನಗು ಬರುತ್ತದೆ. ಅಕ್ಕ ನಗಲಿಲ್ಲ.

“ಆರು ವರ್ಷದವಳು ನೀನು. ರಾತ್ರಿಯೆಲ್ಲ ಎದ್ದಿರ್ತೀನಿ ಅಂತ ಹಟ ಮಾಡಿ ಬೆಂಚಿನ ಮೇಲೆ ಕೂತ್ಕೊಂಡೆ. ಕೂತ ಹತ್ತು ನಿಮಿಷಕ್ಕೆ ಒರಗಿದೆ. ಬೆಳಿಗ್ಗೆ ಎಲ್ಲ ಮುಗಿದ ಮೇಲೆ ಅಪ್ಪ ನಿನ್ನ ಹಾಗೇ ಎತ್ಕೊಂಡು ಮನೆಗೆ ತಂದ್ರು.”

“ನಾನು ನೀರು ಕುಡಿಸಿದೆ. ಚಮಚದ ಹಿಡಿ ಸೊಟ್ಟಗಿತ್ತು.”

“ಸೊಟ್ಟಗಿತ್ತು. ನಾನೇ ನಿಂಗೆ ಹೇಳಿದ್ದು.”

ಹಿಂದಿನಿಂದ ಒಂದು ಸ್ಕೂಟರ್ ಹಾರ್ನ್ ಹೊಡೆದು, ಪಕ್ಕದಿಂದ ಬೈಯುತ್ತ ಹೋಯಿತು. ಅಕ್ಕ ಅತ್ತ ನೋಡಲೂ ಇಲ್ಲ.

“ನೀನು ಅನ್ನ ಬಿಟ್ಟಿದ್ದೆ. ನನ್ನ ಯಾಕೆ ಎಬ್ಬಿಸ್ಲಿಲ್ಲ, ಯಾಕೆ ಎಬ್ಬಿಸ್ಲಿಲ್ಲ ಅಂತ ದಿನಾ ಅದೇ. ನನ್ನ ಹೊಡೀತಿದ್ದೆ, ಕೂದಲು ಹಿಡಿದು ಎಳೀತಿದ್ದೆ. ಅಪ್ಪ ಮೂಲೇಲಿ ಕೂತು ನೋಡ್ತಿದ್ರು. ಎಷ್ಟು ದಿನ ಅಂತ ತಡೀಲಿ? ನಂಗಾದ್ರೂ ಎಷ್ಟು ವಯಸ್ಸು ಆಗ? ಒಂದಿನ ತಲೆ ಕೆಟ್ಟು ಹೇಳಿಬಿಟ್ಟೆ. ನೀನು ಅಲ್ಲೇ ಇದ್ದೆ ಕಣೆ, ಅಮ್ಮನ ಕೈ ಹಿಡ್ಕೊಂಡಿದ್ದೆ, ನಿಂಗೆ ಮರೆತುಹೋಗಿದೆ, ಮಲಗಿದ್ದು ನಾನು ಅಂತ. ನೀನು ಅಳು ನಿಲ್ಲಿಸಿದೆ. ಆಮೇಲೆ ಏನಾಯ್ತು ಅಂತ ಕೇಳಿದೆ. ಹೇಳಿದೆ. ಮಾರನೇ ದಿನ ನೀನು ಮತ್ತೆ ಕೇಳಿದೆ. ಮತ್ತೆ ಹೇಳಿದೆ. ಒಂದು ಊಟ ಮಾಡಿಸೋಕೆ ಒಂದು ಸಲ ಹೇಳಬೇಕಿತ್ತು. ಅಪ್ಪ ಕೇಳಿಸಿಕೊಂಡೂ ಸುಮ್ನಿದ್ರು.”

ಪುಟ್ಟಿಯ ಕೈ ಸ್ಟಿಯರಿಂಗ್ ಮೇಲೇ ಇತ್ತು. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕೆನಿಸುವ ಸಿಟ್ಟು.

“ದೊಡ್ಡವಳಾದ ಮೇಲೆ ಹೇಳಬಹುದಿತ್ತಲ್ಲ.”

“ಯಾವಾಗ? ನಿಂಗೆ ಹತ್ತು ವರ್ಷ ಆದಾಗ ಹೇಳೋಣ ಅಂದ್ಕೊಂಡೆ. ಅಷ್ಟೊತ್ತಿಗೆ ನೀನೇ ನಂಗೆ ಆ ಕತೆ ಹೇಳೋಕೆ ಶುರುಮಾಡಿದ್ದೆ. ನಾನು ಮರೆತದ್ದನ್ನೂ ಸೇರಿಸಿ ಹೇಳ್ತಿದ್ದೆ.”

“ಅಪ್ಪ ಹೋದಾಗ ನಾನು ನಿಂಗೆ ಅಂದೆನಲ್ಲ ಅಕ್ಕ. ಎಲ್ಲರ ಮುಂದೆ.”

ಅಪ್ಪ ತೀರಿಕೊಂಡ ವಾರ, ಏನೋ ಕ್ಷುಲ್ಲಕ ಮಾತಿಗೆ ಜಗಳ ಹತ್ತಿ, ‘ಎಚ್ಚರವಾಗಿರಬೇಕಾದ ಹೊತ್ತಲ್ಲಿ ನೀನು ಯಾವತ್ತು ಎಚ್ಚರವಾಗಿದ್ದೆ’ ಎಂದು ಪುಟ್ಟಿ ನೆಂಟರ ನಡುವೆ ನಿಂತು ಕೇಳಿದ್ದಳು. ಅಕ್ಕ ತುಟಿ ಪಿಟಕ್ಕೆನ್ನದೆ ಒಳಗೆ ಹೋಗಿದ್ದಳು. ಉತ್ತರವಿಲ್ಲದೆ ಹೋದಳು ಎಂದು ಪುಟ್ಟಿ ತಿಳಿದಿದ್ದಳು, ಗೆದ್ದೆ ಎಂದೂ ತಿಳಿದಿದ್ದಳು.

“ಅಂದೆ,” ಎಂದಳು ಅಕ್ಕ. “ಸಿಂಕಿನ ತುಂಬ ಟೀ ಕಪ್ಪು ಬಿದ್ದಿತ್ತು ಆವತ್ತು. ಎಲ್ಲ ತೊಳೆದೆ. ಕೋಪ ಬಂದಿರ್ಲಿಲ್ಲ ಅಂತ ಹೇಳಲ್ಲ.”

ಲೆಕ್ಕವನ್ನು ಮೊದಲ ಸಾಲಿನಿಂದ ಮತ್ತೆ ಮಾಡುವುದು ಪುಟ್ಟಿಯ ಅಭ್ಯಾಸ. ಕಿಟಕಿಯ ಹತ್ತಿರ ನಿಂತವಳು ಅಕ್ಕ, ಅಂಗಳ ಕಂಡಿತು. ತಲೆ ಎತ್ತಿ ಹಿಡಿದವಳು ಅಕ್ಕ. ಫೋನು ಅಕ್ಕನ ಕೈಗೆ ಎಟುಕಿತು. ಮೂರೂ ಸರಿಹೋದವು. ನಾಲ್ಕನೆಯದರ ಹತ್ತಿರ ಬಂದಾಗ ಅವಳು ಅಕ್ಕನ ಕಡೆ ತಿರುಗಿದಳು.

“ಅಕ್ಕ, ಸ್ವೆಟರು.”

“ಬೂದು ಬಣ್ಣದ್ದು. ಅವತ್ತೇ ಹೇಳಿದೆನಲ್ಲ.”

“ಅದಲ್ಲ. ಅವಳಿಗೆ ಚಳಿಯಾಗುತ್ತೆ, ಹೊದಿಸಿ ಬಾ ಅಂತ ಅಮ್ಮ ಹೇಳಿದ್ದು...”

“ನಿನಗೆ ಕಣೆ. ಮತ್ಯಾರಿಗೆ?” ಎಂದಳು ಅಕ್ಕ, ಇಷ್ಟೂ ಗೊತ್ತಾಗಲಿಲ್ಲವೇ ಎನ್ನುವ ಹಾಗೆ. “ಎಲ್ಲ ತಿರುಗಿಸಿ ಹೇಳಬೇಕಾದ್ರೆ ಅದನ್ನೂ ತಿರುಗಿಸಬೇಕಾಯ್ತು. ಒಳಗೆ ಕೂತವಳು ನೀನು ಅಂದ ಮೇಲೆ, ಹೊರಗೆ ನಿಂಗೆ ಹೊದಿಸಿದ್ರು ಅಂತ ಹೇಗೆ ಹೇಳ್ಲಿ? ಅದನ್ನ ನನ್ನ ಹೆಸರಿಗೆ ಹಾಕ್ಕೊಂಡೆ. ಅದೊಂದು ಮಾತ್ರ ನಿಂಗೆ ಅನ್ಯಾಯ ಆಯ್ತು ಅಂತ ಅನಿಸ್ತಿತ್ತು. ಆದರೆ ಅದೊಂದು ಸರಿಮಾಡೋಕೆ ಹೋದ್ರೆ ಮಿಕ್ಕದ್ದೆಲ್ಲ ಬಿಚ್ಚಿಹೋಗೋದು.”

ನಲವತ್ತೈದು ವರ್ಷ ಪುಟ್ಟಿ ಆ ಮಾತಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಅದು ಅವಳದೇ ಮಾತಾಗಿತ್ತು. ಅವಳಿಗಾಗಿಯೇ ಆಡಿದ್ದು, ಬೂದು ಬಣ್ಣದ ಉಣ್ಣೆಯ ಸಮೇತ ಅವಳ ಮೈಮೇಲೆ ಬಿದ್ದದ್ದು. ಅವಳು ಮಾತ್ರ ಗೊರಕೆ ಹೊಡೆಯುತ್ತಿದ್ದಳು.

“ಹಾಗಾದ್ರೆ ನಿಂಗೆ ಅಮ್ಮ ಏನಂದಳು? ಕೊನೇಲಿ?”

“ಅದೇ. ಅವಳಿಗೆ ಹೊದಿಸಿ ಬಾ ಅಂದಳು. ಹೋಗಿ ಬರೋಷ್ಟರಲ್ಲಿ ಮುಗಿದಿತ್ತು. ಅದನ್ನೇನೂ ತಿರುಗಿಸಿಲ್ಲ ನಾನು.” ಅಕ್ಕ ಕನ್ನಡಿಯನ್ನು ತನ್ನ ಕಡೆ ಎಳೆದು, ಹಿಂದೆ ಬರುತ್ತಿದ್ದ ವಾಹನಗಳನ್ನು ನೋಡಿದಳು. “ನಿನ್ನ ಪುಸ್ತಕದಲ್ಲಿ ಆ ಹುಡುಗಿ ವಾಪಸು ಬಂದು ಬಾಗಿಲಲ್ಲಿ ನಿಂತ್ಕೊಂಡು, ಹೊರಗೆ ಮಲಗಿರೋವಳ ಮೇಲೆ ಹೊಟ್ಟೆ ಉರ್ಕೋತಾಳಲ್ಲ, ಆ ಪುಟ ಸರಿಯಾಗಿ ಬರೆದಿದೀಯ. ಹಾಗೇ ಆಗಿತ್ತು ನಂಗೆ.”

ಪುಟ್ಟಿಗೆ ಆಗ ಅಳು ಬಂತು. ಅಕ್ಕನ ಮುಂದೆ ಅತ್ತು ಎಷ್ಟೋ ವರ್ಷಗಳಾಗಿದ್ದವು, ಹೇಗೆ ಅಳಬೇಕೆಂದು ಮರೆತವಳ ಹಾಗೆ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತಳು. ಹಣೆ ತಗುಲಿ ಕಾರೇ ಹಾರ್ನ್ ಹೊಡೆಯಿತು. ಹಿಂದೆ ನಿಂತಿದ್ದ ವ್ಯಾನಿನವನು ಅದಕ್ಕೆ ಉತ್ತರವಾಗಿ ಇನ್ನೂ ಜೋರಾಗಿ ಹೊಡೆದ.

“ಆ ಉರಿ ಆ ಮೇಲೂ ಇತ್ತಾ?” ಎಂದು ಮುಖ ಎತ್ತದೆಯೇ ಕೇಳಿದಳು.

“ನೀನು ಅಳೋದು ನಿಲ್ಲಿಸಿದ್ರೆ ತಾನೆ ನಾನು ಉರ್ಕೊಳ್ಳೋಕೆ,” ಎಂದಳು ಅಕ್ಕ. “ಪುರಸೊತ್ತೇ ಸಿಗ್ಲಿಲ್ಲ. ಕಣ್ಣೊರೆಸ್ಕೋ. ಕ್ಲಚ್ ಒತ್ತಿ ಸ್ಟಾರ್ಟ್ ಮಾಡು. ಮೊದಲು ಇಂಡಿಕೇಟರ್ ಹಾಕು, ಆ ವ್ಯಾನಿನವನು ಹೋಗ್ಲಿ.”

ಪುಟ್ಟಿ ಇಂಡಿಕೇಟರ್ ಹಾಕುವ ಬದಲು ವೈಪರ್ ಹಾಕಿದಳು. ಒಣ ಗಾಜಿನ ಮೇಲೆ ಅದು ಕರಕರ ಎಂದಿತು. ಅಕ್ಕ ಕೈಚಾಚಿ ಆರಿಸಿದಳು.

ಮನೆಯ ಹತ್ತಿರ ಇಳಿಯುವಾಗ ಪುಟ್ಟಿ ಬಾಗಿಲು ಹಿಡಿದು ನಿಂತಳು. “ಅವನು ಹೇಳಿದ ಹಾಗೆ ಮಾಡಿದ್ರೆ, ಹೇಳೋವಳು ನೀನಾಗ್ತೀಯ. ನಾನು ಅಂತ ಬರೆದಿರೋದೆಲ್ಲ ನೀನು. ಬರೀಲಾ?”

ಅಕ್ಕ ಡ್ರೈವರ್ ಸೀಟಿಗೆ ಬಂದು ಕೂತು, ಪುಟ್ಟಿ ಹಿಂದಕ್ಕೆ ತಳ್ಳಿದ್ದ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. “ಬರಿ. ನಂಗೇನು ಬರೆಯೋಕೆ ಬರುತ್ತಾ. ಬಣ್ಣ ಸರಿಮಾಡು.”

“ಗೊರಕೆ ತೆಗೀಲಾ?”

“ಯಾಕೆ ತೆಗೀತೀಯ? ಈಗ ಅದು ಸರಿಯಾದವರ ಮೇಲಿದೆ.”

ಸೋಮವಾರ ಮಧ್ಯಾಹ್ನ, ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಊಟಕ್ಕೆ ಎದ್ದ ಮೇಲೆ, ಪುಟ್ಟಿ ಒಂಬತ್ತನೆಯ ಅಧ್ಯಾಯ ತೆಗೆದಳು. ಒಂದು ಪದ ಕೂಡ ತಿದ್ದಬೇಕಾಗುವುದಿಲ್ಲ ಎಂದು ಹಸಿರು ಪೆನ್ಸಿಲ್ ಹೇಳಿದ್ದು ಸುಳ್ಳಾಗಿತ್ತು. ವಯಸ್ಸು, ಕಂದು ಇದ್ದಲ್ಲಿ ಬೂದು, ಅಕ್ಕ ಇದ್ದಲ್ಲಿ ತಂಗಿ. ಮಿಕ್ಕದ್ದು ಮಾತ್ರ ಇದ್ದ ಹಾಗೇ ನಿಂತಿತು, ಇಷ್ಟು ದಿನ ಸರಿಯಾದ ಬಾಯಿಗಾಗಿ ಕಾಯುತ್ತಿದ್ದ ಹಾಗೆ. ಆದರೆ ಇನ್ನುಳಿದ ಅಷ್ಟೂ ಅಧ್ಯಾಯಗಳನ್ನು ಮೊದಲಿನಿಂದ ಬರೆಯಬೇಕಿತ್ತು. ಹುಡುಗಿಯನ್ನು ಬಾಗಿಲ ಹಿಂದಿನಿಂದ, ಮೇಜಿನ ಕೆಳಗಿನಿಂದ ಒಂದೊಂದೇ ಅಧ್ಯಾಯದಲ್ಲಿ ಹೊರಗೆ ಎಳೆಯಬೇಕಿತ್ತು. ತಿಂಗಳ ಕೊನೆಗೆ ಆಗುವ ಮಾತೇ ಅಲ್ಲ. ಅವಳು ತಲೆ ಚಚ್ಚಿಕೊಂಡು ಫೋನ್ ಮಾಡಿದಳು.

“ನಿಮ್ಮ ಮಾತೇ ಸರಿ ಕಣಪ್ಪ. ಹೇಳೋವಳಿಗೆ ಹದಿನಾಲ್ಕು ವರ್ಷ. ನಂಗೆ ಇನ್ನಷ್ಟು ಸಮಯ ಬೇಕು. ಕೊಡದೆ ಇದ್ರೆ ಮುಂದಿನ ವರ್ಷವೇ ಆಗ್ಲಿ.”

ತೆಳ್ಳಗಿನ ದನಿಗೆ ಇಷ್ಟು ಸುಲಭದ ಗೆಲುವಿನ ಮೇಲೆ ನಂಬಿಕೆ ಬರಲಿಲ್ಲ. ಪುಟ ತಿರುಗಿಸುವ ಸದ್ದು ಕೇಳಿತು. ಆಮೇಲೆ, ಕೇಳದೆ ಬಿಟ್ಟರೆ ಅವನು ಹಸಿರು ಪೆನ್ಸಿಲ್ಲೇ ಅಲ್ಲ ಎನ್ನುವ ಹಾಗೆ, ಒಂದು ಪ್ರಶ್ನೆ ಬಂತು.

“ಸಮಯ ಕೇಳಿ ನೋಡ್ತೀನಿ ಮೇಡಂ. ಆದರೆ ಆ ಚಿಕ್ಕವಳು? ಇಲ್ಲೀವರೆಗೆ ಎಲ್ಲ ನೋಡಿದ್ದು ಅವಳೇ ಅಲ್ವಾ? ಈಗ ಆ ಹೊತ್ತಲ್ಲಿ ಅವಳು ಎಲ್ಲಿ?”

“ಬೆಂಚಿನ ಮೇಲೆ ಮಲಗಿದಾಳೆ.”

“ಒಂದು ಸಲನಾದ್ರೂ ಎಚ್ಚರ ಮಾಡಿಸಬೇಕಲ್ವಾ ಮೇಡಂ? ಕೊನೇ ಗಳಿಗೇಲಿ ಅವಳೂ ಒಳಗೆ ಬಂದ್ರೆ ಓದೋವ್ರಿಗೆ...”

“ಬೇಡ,” ಎಂದಳು ಪುಟ್ಟಿ. “ಈಗ ತಾನೆ ಹೊದಿಸಿ ಬಂದಿದಾರೆ. ಮಲಗಿರ್ಲಿ ಬಿಡಿ.”